ಬಂಡೆಗೆ ಕೂರುವ ಕಂಚು

ಟೊರಾಂಟೋದ ಪೂರ್ವಭಾಗವಾದ ಸ್ಕಾರ್ಬರೋದಲ್ಲಿ, ಮನೆಗಳ ಸಾಲಿನ ನಡುವೆ, ಟೇಬರ್ ಹಿಲ್ ಎಂಬ ಹುಲ್ಲುದಿಬ್ಬವಿದೆ. 1956ರಲ್ಲಿ ಹೆದ್ದಾರಿ ಕೆಲಸಕ್ಕೆಂದು ಅದರ ಮಣ್ಣು ಅಗೆಯುತ್ತಿದ್ದಾಗ ಮನುಷ್ಯರ ಮೂಳೆಗಳು ಸಿಕ್ಕವು. ಅದು ಹಲವು ಶತಮಾನಗಳ ಹಿಂದಿನ ಸಾಮೂಹಿಕ ಸಮಾಧಿ. ನೂರಾರು ಮಂದಿಯ ಅಸ್ಥಿಗಳು ಅಲ್ಲಿದ್ದವು. ಮೂಲನಿವಾಸಿಗಳು ತಮ್ಮ ವಿಧಿಯಂತೆ ಅವನ್ನು ಮತ್ತೆ ಮಣ್ಣಿಗೆ ಒಪ್ಪಿಸಿದರು. 1961ರಲ್ಲಿ ದಿಬ್ಬದ ಮೇಲೆ ಫಲಕ ಹೊತ್ತ ಬಂಡೆಯೊಂದರ ಸಮರ್ಪಣೆ ನಡೆಯಿತು.

ಸಮರ್ಪಣೆಯ ದಿನ ಜನರಿಗೆ ಕಾಣುವುದು ಅಕ್ಷರ ಮಾತ್ರ. ಇಂಥ ಸ್ಮಾರಕಗಳಿಗೆ ಕಂಚಿನ ಫಲಕ ಮಾಡುವವರ ಕೆಲಸ ಅದಕ್ಕೂ ಬಹಳ ಮುಂಚೆ ಶುರುವಾಗಿರುತ್ತದೆ.

ಮೊದಲನೆಯದು ಒಕ್ಕಣೆ. ಎರಕ ಹೊಯ್ದ ಮೇಲೆ ತಿದ್ದುವಂತಿಲ್ಲ. ಟೇಬರ್ ಹಿಲ್‌ನ ಫಲಕ ಅಲ್ಲಿ ಮಲಗಿದವರನ್ನು ಇರೋಕ್ವಾ ಜನ ಎನ್ನುತ್ತದೆ. ಇಂದಿನ ವಿದ್ವಾಂಸರು ಅವರನ್ನು ವೆಂಡಾಟ್ ಜನರ ಪೂರ್ವಜರೆಂದು ಗುರುತಿಸುತ್ತಾರೆ. ಒಂದು ಹೆಸರು ಲೋಹಕ್ಕಿಳಿಯುವ ಮುನ್ನ ಎಷ್ಟು ಸಲ ವಿಚಾರಿಸಿದರೂ ಹೆಚ್ಚಾಗದು.

ಒಪ್ಪಿದ ಒಕ್ಕಣೆಯನ್ನು ಉಬ್ಬಕ್ಷರಗಳಲ್ಲಿ ಕೂರಿಸಿ ಮಾದರಿ ಹಲಗೆ ಮಾಡುತ್ತಾರೆ. ಕರಗಿದ ಕಂಚು ಆರುವಾಗ ನೂರಕ್ಕೆ ಸುಮಾರು ಒಂದೂವರೆ ಪಾಲು ಕುಗ್ಗುತ್ತದೆ. ಆದ್ದರಿಂದ 60 ಸೆಂ.ಮೀ. ಅಗಲದ ಫಲಕ ಬೇಕಾದರೆ ಮಾದರಿಯನ್ನು ಹೆಚ್ಚುಕಡಿಮೆ 9 ಮಿ.ಮೀ. ದೊಡ್ಡದು ಮಾಡಬೇಕು. ಪ್ರತಿ ಅಕ್ಷರದ ಬದಿಗೂ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಡುತ್ತಾರೆ. ಬದಿ ನೆಟ್ಟಗಿದ್ದರೆ ಮಾದರಿ ಎತ್ತುವಾಗ ಮರಳೂ ಕಿತ್ತುಬರುತ್ತದೆ.

ಆಮೇಲೆ ಅಚ್ಚು. ಜಿಗಟು ಮಣ್ಣೂ ನೀರೂ ಬೆರೆಸಿದ ನಯವಾದ ಮರಳನ್ನು ಚೌಕಟ್ಟಿನೊಳಗೆ ಮಾದರಿಯ ಮೇಲೆ ಜರಡಿ ಹಿಡಿದು, ಪದರಪದರವಾಗಿ ಗಿಡಿಯುತ್ತಾರೆ. ಸಡಿಲವಾದರೆ ಅಕ್ಷರದ ಅಂಚು ಕುಸಿಯುತ್ತದೆ. ಅತಿಯಾಗಿ ಬಿಗಿದರೆ ಆವಿಗೆ ಹೊರದಾರಿ ಇಲ್ಲದೆ ಲೋಹದಲ್ಲಿ ಗುಳ್ಳೆ ನಿಲ್ಲುತ್ತದೆ. ಈ ಹದವನ್ನು ಅಳತೆಗೋಲಿಗಿಂತ ಮೊದಲು ಹೇಳುವುದು ಅಂಗೈ: ಹಿಡಿ ಮರಳನ್ನು ಹಿಚುಕಿ ಮುರಿದು ನೋಡಿಯೇ ಎರಕದವರು ತೃಪ್ತರಾಗುತ್ತಾರೆ. ಮಾದರಿ ಎತ್ತಿದಾಗ ಮರಳಿನಲ್ಲಿ ಇಡೀ ಒಕ್ಕಣೆ ತಿರುಗುಮುರುಗಾಗಿ, ತಗ್ಗಾಗಿ ಉಳಿದಿರುತ್ತದೆ. ಅದನ್ನು ಬಲದಿಂದ ಎಡಕ್ಕೆ ಓದಿ, ಎಲ್ಲಾದರೂ ಒಂದು ಚುಕ್ಕೆ ಉದುರಿದೆಯೇ ಎಂದು ಹುಡುಕುವ ಕಣ್ಣು ದೊಡ್ಡದು.

ಮೂಸೆಯಲ್ಲಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ದಾಟಿದ ಕಂಚನ್ನು ಎಲ್ಲೂ ತಡೆಯದೆ ಒಂದೇ ಧಾರೆಯಲ್ಲಿ ಹೊಯ್ಯಬೇಕು. ತಣಿದ ಮೇಲೆ ಅಚ್ಚು ಒಡೆದು, ಹೆಚ್ಚುವರಿ ಲೋಹ ಕತ್ತರಿಸಿ, ಅರದಿಂದ ಉಜ್ಜುತ್ತಾರೆ. ರಾಸಾಯನಿಕ ಸವರಿ ಇಡೀ ಫಲಕವನ್ನು ಕಪ್ಪಾಗಿಸಿ, ಅಕ್ಷರಗಳ ನೆತ್ತಿಯನ್ನಷ್ಟೇ ಮತ್ತೆ ಬೆಳಗುತ್ತಾರೆ. ನಮ್ಮ ಬೆಟ್ಟಗಳ ಶಾಸನಗಳಲ್ಲಿ ರೂವಾರಿ ಕಲ್ಲನ್ನು ತೆಗೆದು ಅಕ್ಷರ ಮಾಡಿದ. ಇಲ್ಲಿ ಅಕ್ಷರವೇ ಮೇಲೆದ್ದು ನಿಲ್ಲುತ್ತದೆ.

ಕೊನೆಯ ಪರೀಕ್ಷೆ ಚಳಿಯದು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಟೊರಾಂಟೋದ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕರಗುವುದು ಮತ್ತೆಮತ್ತೆ ನಡೆಯುತ್ತದೆ. ಹಾಗಾಗಿ ಬಂಡೆಗೆ ಕೊರೆದ ತೂತುಗಳ ದೂಳನ್ನು ಪೂರ್ತಿ ಊದಿ ತೆಗೆದು, ಫಲಕದ ಬೆನ್ನಿನ ಕಡ್ಡಿಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ನೀರು ನಿಲ್ಲಲು ಸಂದಿಲ್ಲದಂತೆ ಮಾಡುತ್ತಾರೆ. ಮುಂದೆ ಕಾಲಕಾಲಕ್ಕೆ ತೊಳೆದು ಮೇಣ ಸವರುವುದು ಊರಿನವರ ಪಾಲಿನ ಕೆಲಸ.