ಕೂರಿಗೆಯೂ ರೈತನ ಜಡತ್ವವೆಂಬ ಕಲ್ಪನೆಯೂ

ವ್ಯವಸಾಯವನ್ನು ಕುರಿತು ಬರೆಯುವ ವಿದ್ಯಾವಂತರಲ್ಲಿ ಬಹುಮಂದಿ ಇಂದಿಗೂ ಬಿಡದೆ ಹಿಡಿದಿರುವ ನಂಬಿಕೆಯೊಂದುಂಟು: ನಮ್ಮ ರೈತನು ಅನಾದಿಯಿಂದ ಬೀಜವನ್ನು ಕೈಯಲ್ಲಿ ಎರಚುತ್ತಿದ್ದನೆಂದೂ, ಸಾಲಾಗಿ ಬಿತ್ತುವ ಯಂತ್ರವನ್ನು ಪಾಶ್ಚಾತ್ಯರು ತಂದು ತೋರಿಸಿದರೂ ಜಡತ್ವದಿಂದ ಅದನ್ನು ಸ್ವೀಕರಿಸಲಿಲ್ಲವೆಂದೂ. ಈ ಮಾತಿನ ಎರಡು ಭಾಗಗಳೂ ಸುಳ್ಳು. ಇದನ್ನು ಮತ್ತೆ ಮತ್ತೆ ಕೇಳಿ ನನ್ನ ತಾಳ್ಮೆ ತೀರಿದೆ.

ಇಂಗ್ಲೆಂಡಿನ ಜೆತ್ರೊ ಟಲ್ ತನ್ನ ಬಿತ್ತನೆಯಂತ್ರವನ್ನು ರಚಿಸಿದ್ದು 1701ರ ಸುಮಾರಿನಲ್ಲಿ. ಅದೇ ದೇಶದ ಕ್ಯಾಪ್ಟನ್ ಹಾಲ್ಕಾಟ್ ಎಂಬಾತನು, ಇಂಥ ಸಾಧನವು ಯೂರೋಪಿನ ನೂತನ ಸೃಷ್ಟಿಯೆಂದೇ ತಾನು ಭಾವಿಸಿದ್ದುದಾಗಿಯೂ, ದಕ್ಷಿಣ ಭಾರತದ ಹೊಲವೊಂದರಲ್ಲಿ ಅದು ನಡೆಯುತ್ತಿದ್ದುದನ್ನು ಕಂಡು ಬೆರಗಾದುದಾಗಿಯೂ ಬರೆದ ಪತ್ರಗಳು 1797ರಲ್ಲಿಯೇ ಅಚ್ಚಾದವು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಎಂಬ ಬ್ರಿಟಿಷ್ ಪ್ರವಾಸಿಯು ರಾಗಿಯನ್ನು ಸಾಲಾಗಿ ಬಿತ್ತುವ ಕೂರಿಗೆಯನ್ನೂ, ಅವರೆ ತೊಗರಿಗಳನ್ನು ನಡುನಡುವಿನ ಅಕ್ಕಡಿಸಾಲಿಗೆ ಬಿಡುವ ಸಡ್ಡೆಯನ್ನೂ ವರ್ಣಿಸಿದ್ದಾನೆ. ನಮ್ಮ ವಿದ್ಯಾವಂತರಿಗೆ ಕಾಣದ ಕೂರಿಗೆಯು ಆ ಪರದೇಶಿಗಳ ಕಣ್ಣಿಗೆ ಬಿದ್ದಿತು.

ಕೂರಿಗೆಯ ಬಟ್ಟಲಿನೊಳಗೆ ತೂತುಗಳು, ಒಂದೊಂದು ತೂತಿಗೂ ಬಿದಿರಿನ ಕೊಳವೆ, ಕೊಳವೆಯ ತುದಿಗೆ ದಿಂಡಿನಲ್ಲಿ ನಾಟಿದ, ನೆಲವನ್ನು ಸೀಳುವ ತಾಳು. ನಮ್ಮ ನಾಡಿನ ಉತ್ತರದ ಕರಿನೆಲದಲ್ಲಿ ಎತ್ತಿನ ಹಿಂದೆ ನಡೆಯುವ ಹೆಣ್ಣುಮಗಳು ಉಡಿಯ ಬೀಜವನ್ನು ಹಿಡಿಹಿಡಿಯಾಗಿ ತೆಗೆದು, ಬೆರಳ ಸಂದಿನಿಂದ ಬಟ್ಟಲಿಗೆ ಒಂದೇ ಸಮನೆ ಸುರಿಸುತ್ತಾಳೆ. ಹಿಂಗಾರಿನ ಜೋಳದ ಕಾಲಕ್ಕೆ ಮೇಲ್ಮಣ್ಣು ಒಣಗಿ ಕೆಳಗೆ ಮಾತ್ರ ಹಸಿಯಿರುವುದರಿಂದ, ಎರಚಿದ ಬೀಜವು ಹಕ್ಕಿಯ ಪಾಲಾಗುವಲ್ಲಿ ತಾಳಿನ ಜಾಡಿಗೆ ಬಿದ್ದ ಬೀಜವು ಮೊಳೆಯುತ್ತದೆ. ಸಾಲು ನೆಟ್ಟಗಿದ್ದರೆ ಮುಂದೆ ಎಡೆಕುಂಟೆ ಹೊಡೆದು ಕಳೆಯನ್ನು ತೆಗೆಯಲೂ ಆಗುತ್ತದೆ. ಎರಡು ತಾಳಿನಿಂದ ರಾಗಿಯ ಹನ್ನೆರಡು ತಾಳಿನವರೆಗೆ ಭೇದಗಳಿರುವುದು ಬೆಳೆಬೆಳೆಯ ಅಂತರವನ್ನು ಅರಿತವರ ಕೃತಿ.

ಇನ್ನು ಜಡತ್ವದ ಆರೋಪ. ಹೊಸ ಯಂತ್ರದ ಸಾಲಿನ ಅಂತರವು ಮನೆಯ ಎಡೆಕುಂಟೆಗೆ ಹೊಂದದಿದ್ದರೆ ಕಳೆಯೊಡನೆ ಬೆಳೆಯೂ ಕಿತ್ತುಬರುವುದು. ಭಾರ ಹೆಚ್ಚಿದರೆ ಸಣ್ಣ ಎತ್ತುಗಳು ದಣಿಯುವುವು. ಹಲ್ಲುಚಕ್ರ ಮುರಿದರೆ ಊರಿನ ಬಡಗಿ ಕಮ್ಮಾರರು ಸರಿಪಡಿಸಲಾರರು, ಹದವೋ ಕಾಯುವುದಿಲ್ಲ. ಇವನ್ನೆಲ್ಲ ತೂಗಿ ನೋಡಿ ಬೇಡವೆಂದವನನ್ನು ಮೂಢನೆನ್ನುವುದು ಅನ್ಯಾಯ. ಬೆಳಗಾವಿಯಲ್ಲಿ ಉದ್ಯಮ ತೊಡಗಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಭೂಮಿಗೆ ವಿಷವೆಂದು ಮೊದಲು ಶಂಕಿಸಿದ ರೈತರೇ, ಅದರ ಆಳದ ಉಳುಮೆಯನ್ನು ಕಣ್ಣಾರೆ ಕಂಡಮೇಲೆ ಕೊಂಡರಷ್ಟೆ.

ಬಿತ್ತನೆಯನ್ನು ಕುರಿತ ಇಂಥ ತಪ್ಪು ನಂಬಿಕೆಗಳು ಇನ್ನೂ ಉಂಟು. ಬೀಜ ಹೆಚ್ಚು ಸುರಿದಷ್ಟೂ ಫಸಲು ಹೆಚ್ಚೆಂಬುದೂ ಸುಳ್ಳೇ. ಒತ್ತೊತ್ತಾದ ಪೈರು ನೀರಿಗೂ ಬೆಳಕಿಗೂ ತನ್ನಲ್ಲೇ ಹೋರಾಡಿ ಸೊರಗುತ್ತದೆ. ರಾಸಾಯನಿಕ ಗೊಬ್ಬರವನ್ನು ಬೀಜದ ಜೊತೆಗೇ ಒಂದೇ ಕೊಳವೆಯಲ್ಲಿ ಬಿಟ್ಟರೂ ನಡೆದೀತೆಂಬ ಮಾತನ್ನು ನಂಬಿದವರ ಮೊಳಕೆ ಸುಟ್ಟುಹೋದೀತು.

ಅಚ್ಚಾದುದೆಲ್ಲ ಸತ್ಯ, ದೂರದಿಂದ ಬಂದುದೆಲ್ಲ ಶ್ರೇಷ್ಠ, ಹಳ್ಳಿಯದೆಲ್ಲ ಅಜ್ಞಾನ ಎಂದು ಪರೀಕ್ಷಿಸದೆ ಒಪ್ಪುವ ಈ ಮನೋಧರ್ಮವು ಓದುಬಲ್ಲವರಲ್ಲಿಯೇ ಹೆಚ್ಚಾಗಿ ಬೇರೂರಿರುವುದು ನನಗೆ ನೋವಿನ ವಿಷಯ. ಹೊಸ ಕೂರಿಗೆಯನ್ನು ರಚಿಸಹೊರಟವರು, ರೈತನಿಗೆ ಉಪದೇಶ ಮಾಡುವ ಮುನ್ನ, ಆ ಊರಿನ ಎಡೆಕುಂಟೆಯ ಅಗಲವನ್ನೂ ಎತ್ತುಗಳ ಬಲವನ್ನೂ ಅಳೆದುಕೊಂಡು ಬರಲಿ.