ಕ್ಯಾಸೆಟ್‌ಗೆ ಕಿವಿಗೊಟ್ಟ ಪ್ರಾಧ್ಯಾಪಕ

ಕೈರೋದ ಬೀದಿಯಿಂದ ಪ್ಯಾರಿಸ್‌ನ ಅಂಚಿನವರೆಗೆ: ಜಿಲ್ ಕೆಪೆಲ್ ನಡೆದ ದಾರಿ

1980ರ ಆಸುಪಾಸು. ಕೈರೋದ ಟ್ಯಾಕ್ಸಿಗಳಲ್ಲಿ, ಅಂಗಡಿಗಳಲ್ಲಿ ಒಂದೇ ದನಿ. ಕಣ್ಣು ಕಾಣದ ಪ್ರವಚನಕಾರ ಶೇಖ್ ಕಿಶ್ಕ್ ಶುಕ್ರವಾರ ಗುಡುಗಿದ ಮಾತು ಕ್ಯಾಸೆಟ್ಟಿಗಿಳಿದು ಊರೆಲ್ಲ ಸುತ್ತುತ್ತಿತ್ತು. ಅರಬ್ಬಿ ಕಲಿತು ಫ್ರಾನ್ಸ್‌ನಿಂದ ಬಂದಿದ್ದ ತರುಣ ಕೆಪೆಲ್‌ಗೆ ಅದೇ ಪಠ್ಯವಾಯಿತು. 1981ರ ಅಕ್ಟೋಬರ್ 6ರಂದು ಸೇನಾ ಪೆರೇಡ್‌ನಲ್ಲೇ ಈಜಿಪ್ಟ್ ಅಧ್ಯಕ್ಷ ಅನ್ವರ್ ಸಾದತ್ ಹತರಾದರು. ಕೊಂದವರ ಚಿಂತನೆ ಎಲ್ಲಿ ಮೊಳೆಯಿತೆಂದು ಜಗತ್ತು ಹುಡುಕತೊಡಗಿದಾಗ, ಅವರ ಕರಪತ್ರಗಳನ್ನು ಮೂಲ ಭಾಷೆಯಲ್ಲೇ ಓದಿದ್ದ ಸಂಶೋಧಕ ಅಲ್ಲಿದ್ದ. 1984ರಲ್ಲಿ ಬಂದ ‘ಪ್ರವಾದಿ ಮತ್ತು ಫೇರೋ’ ಕೃತಿ ಕೆಪೆಲ್ ಹೆಸರನ್ನು ನಿಲ್ಲಿಸಿತು.

ಮನೆಯಂಗಳಕ್ಕೆ

ಊರಿಗೆ ಮರಳಿದ ಕೆಪೆಲ್ ಅದೇ ಕಿವಿಯನ್ನು ಫ್ರಾನ್ಸ್‌ನತ್ತ ತಿರುಗಿಸಿದರು. ಕಾರು ಕಾರ್ಖಾನೆಯೊಳಗಿನ ನಮಾಜ್ ಕೋಣೆ, ವಲಸೆ ಕಾರ್ಮಿಕರ ಹಾಸ್ಟೆಲ್‌ಗಳೆಲ್ಲ 1987ರ ಪುಸ್ತಕಕ್ಕೆ ವಸ್ತುವಾದವು. 2005ರಲ್ಲಿ ಪೊಲೀಸರಿಗೆ ಹೆದರಿ ವಿದ್ಯುತ್ ಉಪಕೇಂದ್ರದೊಳಗೆ ಅಡಗಿದ ಇಬ್ಬರು ಹುಡುಗರು ಸತ್ತು, ಪ್ಯಾರಿಸ್ ಹೊರವಲಯದ ಕ್ಲಿಶಿ-ಸು-ಬ್ವಾ ಹೊತ್ತಿ ಉರಿಯಿತು. ಕೆಲವು ವರ್ಷಗಳ ನಂತರ ಕೆಪೆಲ್ ತಂಡ ಅಲ್ಲಿ ಮನೆಮನೆಗೆ ಹೋಯಿತು. ಪ್ಯಾರಿಸ್ ಬರೀ 15 ಕಿಲೋಮೀಟರ್ ದೂರ. ಆದರೆ ಆಗ ಊರಿಗೆ ರೈಲಿರಲಿಲ್ಲ, ಬಸ್ ಬದಲಿಸುತ್ತ ಹೋದರೆ ಗಂಟೆ ದಾಟುತ್ತಿತ್ತು. ಜನ ಮೊದಲು ತೋಡಿಕೊಂಡದ್ದು ಧರ್ಮದ ಮಾತಲ್ಲ. ಶಾಲೆ, ಕೆಲಸ, ಮನೆಯ ದೂರು.

ಎಡವಿದ್ದು, ಕಾದಾಡಿದ್ದು

2000ದಲ್ಲಿ ಬಂದ ‘ಜಿಹಾದ್’ ಕೃತಿಯಲ್ಲಿ, ಇಸ್ಲಾಮಿ ಉಗ್ರ ರಾಜಕಾರಣ ಇಳಿಮುಖವಾಗಿದೆ ಎಂದಿದ್ದರು. ಮರುವರ್ಷವೇ ನ್ಯೂಯಾರ್ಕ್‌ನ ಅವಳಿ ಗೋಪುರಗಳು ಉರುಳಿದವು. ಟೀಕಾಕಾರರು ಸುಮ್ಮನಿರಲಿಲ್ಲ.

130 ಜನರನ್ನು ಬಲಿ ಪಡೆದ 2015ರ ನವೆಂಬರ್ 13ರ ಪ್ಯಾರಿಸ್ ದಾಳಿಯ ಬಳಿಕ, ಯುವಕರು ಉಗ್ರರಾಗುವುದು ಹೇಗೆ ಎಂಬ ಇನ್ನೊಂದು ಜಟಾಪಟಿ ಕಾವೇರಿತು. ಮೊದಲು ತಲೆಯೊಳಗೆ ದಂಗೆ ಹುಟ್ಟುತ್ತದೆ, ಧರ್ಮದ ಅಂಗಿ ಆಮೇಲೆ ಎಂದರು ಇದೇ ವಿಷಯದ ಇನ್ನೊಬ್ಬ ಫ್ರೆಂಚ್ ವಿದ್ವಾಂಸ ಒಲಿವಿಯೆ ರುವಾ. ಇಲ್ಲ, ಕಟ್ಟುನಿಟ್ಟಿನ ಸಲಫಿ ಪಂಥದ ಬೋಧನೆ ನೆಲ ಹದಮಾಡದೆ ಆ ಬೀಜ ಮೊಳೆಯದು. ಅರಬ್ಬಿ ಬರಹ ಓದದೆ ಇದು ತಿಳಿಯದು ಎಂದರು ಕೆಪೆಲ್. ಫ್ರೆಂಚ್ ಪತ್ರಿಕೆಗಳಿಗೆ ಇದು ಇಬ್ಬರು ಪಂಡಿತರ ಜಗಳ. ಸರ್ಕಾರಕ್ಕೆ ಮಾತ್ರ ಹಣವನ್ನು ಎಲ್ಲಿಗೆ, ಪೊಲೀಸರನ್ನು ಎಲ್ಲಿಗೆ ಕಳಿಸಬೇಕೆಂಬ ಪ್ರಶ್ನೆ.

2016ರ ಜೂನ್. ಫ್ರಾನ್ಸ್‌ನ ಮಾನ್ಯಾವಿಲ್‌ನಲ್ಲಿ ಪೊಲೀಸ್ ದಂಪತಿಯನ್ನು ಕೊಂದವನು ಅದೇ ಮನೆಯಿಂದ ಫೇಸ್‌ಬುಕ್‌ನಲ್ಲಿ ನೇರ ಮಾತಾಡಿದ. ಮುಂದೆ ಕೊಲ್ಲಬೇಕಾದವರ ಹೆಸರುಗಳಲ್ಲಿ ಕೆಪೆಲ್ ಹೆಸರೂ ಇತ್ತು. ಅಪರಿಚಿತನಾಗಿ ಬೀದಿಯಲ್ಲಿ ನಿಂತು ಕೇಳುವುದೇ ಕಸುಬಾಗಿದ್ದವರ ಹಿಂದೆ ಆಗ ಪೊಲೀಸ್ ಕಾವಲು ನಿಂತಿತು.

2023ರಲ್ಲಿ ಬಂದ ನೆನಪಿನ ಪುಸ್ತಕಕ್ಕೆ ಅವರಿಟ್ಟ ಹೆಸರು ‘ತನ್ನ ನಾಡಿನಲ್ಲೇ ಪ್ರವಾದಿ’. ಪ್ರವಾದಿಗೆ ಸ್ವಂತ ಊರಲ್ಲಿ ಮನ್ನಣೆಯಿಲ್ಲ ಎಂಬ ಬೈಬಲ್ ಮಾತನ್ನು ಕೆಣಕುವ ಹೆಸರು. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಅನ್ನುವುದೂ ಅದನ್ನೇ. ಭವಿಷ್ಯ ನುಡಿಯಲು ಹೋಗಿ ಒಮ್ಮೆ ಎಡವಿದವರು ಈ ಹೆಸರಿಟ್ಟಾಗ ತುಸು ನಕ್ಕಿರಬೇಕು.