ಬಾಯಿ ತೆರೆಯದ ಬೇನೆ

ಬೀರೂರು ಜಂಕ್ಷನ್ನಿನಿಂದ ಶಿವಮೊಗ್ಗದ ಕಡೆಗೆ ಹೊರಟ ರೈಲು ತರೀಕೆರೆಯನ್ನು ಸಮೀಪಿಸಿದಂತೆ ಕಿಟಕಿಯ ಹೊರಗಿನ ನೋಟ ಬದಲಾಗುತ್ತದೆ. ಕಡೂರು ಸೀಮೆಯ ತೆಂಗು, ರಾಗಿಯ ಹೊಲ, ಬಿಸಿಲು ಬಯಲುಗಳು ಹಿಂದೆ ಸರಿದು ಅಡಿಕೆಯ ತೋಟಗಳು ಸಾಲುಗಟ್ಟಿ ನಿಲ್ಲುತ್ತವೆ. ಒಂದು ಕಾಲಕ್ಕೆ ಕೆರೆಯ ಹಿಂದಣ ಮತ್ತು ಕಾಲುವೆಯ ಅಂಚಿನ ಜಮೀನಿಗೆ ಸೀಮಿತವಾಗಿದ್ದ ಈ ಬೆಳೆ ಈಗ ಕೊಳವೆಬಾವಿಯ ಬಲದಿಂದ ಕಡೂರು, ಅಜ್ಜಂಪುರಗಳ ಬಯಲಿಗೂ ಇಳಿದು ಬಂದಿದೆ. ಕೊನೆ ಕೊಯ್ಲಿನ ದಿನಗಳಲ್ಲಿ ಈ ಊರುಗಳ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಮಾತು, ಹಂಡೆಯಲ್ಲಿ ಬೇಯುವ ಅಡಿಕೆಯ ಒಗರು ವಾಸನೆ, ಚೊಗರಿನ ಕೆಂಪು ಎಲ್ಲೆಲ್ಲೂ ತುಂಬಿರುತ್ತವೆ.

ಅಡಿಕೆಯಿಲ್ಲದೆ ನಮ್ಮಲ್ಲಿ ಶುಭಕಾರ್ಯವಿಲ್ಲ. ಮದುವೆಯ ನಿಶ್ಚಯಕ್ಕೆ, ದೇವರ ಪೂಜೆಗೆ, ಬಂದ ನೆಂಟರ ಸತ್ಕಾರಕ್ಕೆ ಅದು ಬೇಕು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯಲ್ಲಿ ಅಡಿಕೆಯು ಅತ್ಯಲ್ಪ ವಸ್ತುವಿನ ಹೆಸರು. ಆದರೆ ತೋಟವುಳ್ಳ ಸಂಸಾರಕ್ಕೆ ಅದು ಅಲ್ಪವಲ್ಲ. ಮನೆಯ ಹೆಂಚು, ಮಗಳ ಮದುವೆ, ಮಗನ ಓದು ಎಲ್ಲವೂ ಅದರಿಂದಲೇ ನಡೆಯಬೇಕು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಶಾಲೆಯ ಶುಲ್ಕವೂ ಎಷ್ಟೋ ಮನೆಗಳಲ್ಲಿ ಮಂಡಿಯ ಲೆಕ್ಕವನ್ನೇ ಕಾಯುತ್ತಿತ್ತು. ಆದುದರಿಂದ ಅಡಿಕೆಯನ್ನು ಕುರಿತು ಅಪ್ರಿಯವಾದ ಸಂಗತಿಯನ್ನು ಈ ಸೀಮೆಯಲ್ಲಿ ಹೇಳುವುದು ಸುಲಭವಲ್ಲ. ಸುಲಭವಲ್ಲವೆಂದು ಹೇಳದೆ ಇರಲೂ ಆಗದು.

ಸಂಗತಿ ಇದು: ಅಡಿಕೆಯನ್ನು ಸದಾ ಜಗಿಯುವವರಿಗೆ ಬಾಯಿಯ ಒಂದು ರೋಗ ಬರುತ್ತದೆ. ಮೊದಲು ಕಾಣುವುದು ಉರಿ. ಮನೆಮಂದಿಯೆಲ್ಲ ಉಣ್ಣುವ ಸಾರು ಒಬ್ಬನಿಗೆ ಮಾತ್ರ ತಾಳಲಾರದಷ್ಟು ಖಾರವೆನಿಸುತ್ತದೆ. ಅಡಿಗೆ ಮಾಡಿದವರನ್ನು ದೂರಿ ಆತ ಸುಮ್ಮನಾಗುತ್ತಾನೆ. ಕ್ರಮೇಣ ಕೆನ್ನೆಯ ಒಳಮೈಯ ಗುಲಾಬಿ ಬಣ್ಣ ಅಳಿದು ಅಮೃತಶಿಲೆಯಂತೆ ಬಿಳಿಚಿಕೊಳ್ಳುತ್ತದೆ. ಬೆರಳಿಟ್ಟು ಒತ್ತಿದರೆ ಒಳಗೆ ಹುರಿಗಟ್ಟಿದ ಪಟ್ಟಿಗಳು ತಾಗುತ್ತವೆ. ನಾಲಗೆ ಹೊರಚಾಚಲು ಒಲ್ಲದು, ಕಿರುನಾಲಗೆ ಮುರುಟುತ್ತದೆ, ಸಿಳ್ಳೆ ಹಾಕಲು, ದೀಪ ಊದಲು ಕೆನ್ನೆ ಉಬ್ಬದು. ಮುದ್ದೆಯ ತುತ್ತನ್ನು ದಿನದಿನಕ್ಕೆ ಕಿರಿದುಮಾಡುತ್ತ ಬಂದವನು ಒಂದು ದಿನ ತುತ್ತನ್ನೇ ಬಿಟ್ಟು ಗಂಜಿ ಕುಡಿಯತೊಡಗುತ್ತಾನೆ. ಆರೋಗ್ಯವಂತನ ಬಾಯಿಯು ಅವನದೇ ಮೂರು ಬೆರಳುಗಳು ಒಂದರ ಮೇಲೊಂದಾಗಿ ನಿಲ್ಲುವಷ್ಟು, ಅಂದರೆ ಸುಮಾರು ೩೫ರಿಂದ ೫೦ ಮಿಲಿಮೀಟರಿನಷ್ಟು ತೆರೆಯುತ್ತದೆ. ಈ ಪರೀಕ್ಷೆಯನ್ನು ನೀವೂ ಈಗಲೇ ಮಾಡಿ ನೋಡಬಹುದು. ರೋಗ ಬಲಿತವನ ಬಾಯಿಯಲ್ಲಿ ಒಂದು ಬೆರಳು ಹೋಗುವುದೂ ಕಷ್ಟ.

೧೯೫೨ರಲ್ಲಿ ಶ್ವಾರ್ಟ್ಸ್ ಎಂಬ ದಂತವೈದ್ಯನು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಈ ಬೇನೆಯನ್ನು ಕಂಡು ವಿವರಿಸಿದನು. ಮರುವರ್ಷವೇ ಮುಂಬಯಿಯ ಡಾ. ಎಸ್. ಜಿ. ಜೋಶಿಯವರು ಇಲ್ಲಿಯ ರೋಗಿಗಳನ್ನು ಪರೀಕ್ಷಿಸಿ ಇಂದಿಗೂ ಬಳಕೆಯಲ್ಲಿರುವ ಹೆಸರಿಗೆ ಬುನಾದಿ ಹಾಕಿದರು. ಬಾಯಿಯ ಲೋಳ್ಪೊರೆಯ ಕೆಳಪದರವು ನಾರುಗಟ್ಟುವುದು ಎಂಬುದು ಆ ಹೆಸರಿನ ಅರ್ಥ. ವೈದ್ಯರು ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎನ್ನುತ್ತಾರೆ. ಸುಶ್ರುತನು ಹೇಳುವ ‘ವಿದಾರಿ’ ಎಂಬ ರೋಗ ಇದೇ ಎಂದು ಕೆಲವರು ಬರೆದಿದ್ದಾರೆ. ಹೆಸರಿನ ಹೊಂದಿಕೆಗಾಗಿ ಇಷ್ಟು ಅವಸರಪಡಬೇಕಾಗಿಲ್ಲವೆಂದು ನನ್ನ ಎಣಿಕೆ.

ಇದು ಆಗುವ ಬಗೆಯನ್ನು ತಿಳಿಯಲು ನಮ್ಮ ಸೀಮೆಯ ಎರಡು ಕಸುಬುಗಳನ್ನು ನೆನೆದರೆ ಸಾಕು. ಒಂದು, ತೆಂಗಿನ ನಾರಿನಿಂದ ಹಗ್ಗ ಹೊಸೆಯುವುದು. ಮತ್ತೊಂದು, ತಂಗಡಿಯ ತೊಗಟೆಯಲ್ಲಿ ತೊಗಲನ್ನು ಹದಮಾಡುವುದು. ನಮ್ಮ ಕೆನ್ನೆಯ ಒಳಪೊರೆಯ ಕೆಳಗೆ ‘ಕೊಲಾಜನ್’ ಎಂಬ ನವುರಾದ ಎಳೆಗಳಿವೆ. ದೇಹವು ಹೊಸ ಎಳೆಗಳನ್ನು ನೂಲುತ್ತ, ಹಳೆಯವನ್ನು ಕರಗಿಸುತ್ತ ಎರಡರ ಸಮತೋಲವನ್ನು ಕಾಯುತ್ತದೆ. ಅಡಿಕೆಯಲ್ಲಿರುವ ‘ಅರೆಕೋಲಿನ್’ ಎಂಬ ಸತ್ತ್ವವು ಎಳೆ ನೂಲುವ ಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲಿ ಹೇರಳವಾಗಿರುವ ತಾಮ್ರದ ಅಂಶವು ಆ ಎಳೆಗಳನ್ನು ಪರಸ್ಪರ ಬೆಸೆಯುವ ಕಿಣ್ವಕ್ಕೆ ಒತ್ತಾಸೆಯಾಗುತ್ತದೆ. ಇನ್ನು ಟ್ಯಾನಿನ್, ಅದೇ ಅಡಿಕೆಗೆ ಒಗರನ್ನು ಕೊಡುವುದು, ಚೊಗರಿನಲ್ಲಿ ಬಣ್ಣವಾಗಿ ನಿಲ್ಲುವುದು. ತಂಗಡಿಯ ತೊಗಟೆಯು ತೊಗಲನ್ನು ಕೊಳೆಯದಂತೆ ಮಾಡುವುದೂ ತನ್ನ ಟ್ಯಾನಿನ್ನಿನಿಂದಲೇ. ತೊಗಲಿನಲ್ಲಿ ಗುಣವಾದದ್ದು ಕೆನ್ನೆಯಲ್ಲಿ ದೋಷವಾಗುತ್ತದೆ: ಹದಗೊಂಡ ಎಳೆಯನ್ನು ದೇಹವು ಕರಗಿಸಲಾರದು. ಹೀಗೆ ನೂಲು ಹೆಚ್ಚಿ, ಕರಗುವುದು ಕಡಿಮೆಯಾಗಿ, ಜೀವಂತ ಬಾಯಿಯೊಳಗೇ ಹಗ್ಗ ಹೊಸೆದಂತಾಗುತ್ತದೆ.

ಬಾಯಿ ಮುಚ್ಚುವುದಕ್ಕಿಂತಲೂ ದೊಡ್ಡ ಭಯ ಮತ್ತೊಂದಿದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ರೋಗದ ೬೬ ಮಂದಿಯನ್ನು ಸಂಶೋಧಕರು ೧೭ ವರ್ಷಗಳ ಅವಧಿಯವರೆಗೆ ಬೆನ್ನುಹತ್ತಿ ನೋಡಿದರು. ಅವರಲ್ಲಿ ಐವರಿಗೆ, ಅಂದರೆ ನೂರಕ್ಕೆ ೭.೬ರಂತೆ, ಬಾಯಿಯ ಕ್ಯಾನ್ಸರ್ ಬಂದಿತು. ಈ ವರದಿ ಪ್ರಕಟವಾದದ್ದು ೧೯೮೫ರಲ್ಲಿ. ಅದೇ ಕಾಲದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಹೊಗೆಸೊಪ್ಪು ಸೇರಿದ ತಾಂಬೂಲವನ್ನು ಮಾತ್ರ ಕ್ಯಾನ್ಸರ್‌ಕಾರಕವೆಂದು ಹೇಳಿತ್ತು. ಬರಿಯ ಅಡಿಕೆಯ ವಿಷಯದಲ್ಲಿ ಸಾಕಷ್ಟು ಪ್ರಮಾಣ ಆಗ ದೊರೆತಿರಲಿಲ್ಲ. ೨೦೦೩ರಲ್ಲಿ ತಜ್ಞರು ಮತ್ತೆ ಸೇರಿ, ಅಲ್ಲಿಯವರೆಗೆ ದೊರೆತ ಸಾಕ್ಷ್ಯವನ್ನೆಲ್ಲ ತೂಗಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯು ಮನುಷ್ಯನಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆ ಎಂದು ತೀರ್ಮಾನಿಸಿದರು. ಬೆಳೆಗಾರರಿಗೆ ಇದು ಸಹಿಸಲಾಗದ ಮಾತಾಯಿತು. ಅವರ ಸಂಕಟ ಸಹಜವಾದುದೇ. ‘ನಮ್ಮ ಅಜ್ಜಿಯರು ಎಲೆಯಡಿಕೆ ಹಾಕಿಕೊಂಡೇ ಎಂಬತ್ತು ವರ್ಷ ಬಾಳಿದರಲ್ಲ’ ಎಂಬ ಮಾತನ್ನು ನಾನೂ ಎಷ್ಟೋ ಜಗುಲಿಗಳಲ್ಲಿ ಕೇಳಿದ್ದೇನೆ. ಬಾಳಿದವರು ನಮ್ಮ ನೆನಪಿನಲ್ಲಿದ್ದಾರೆ. ಬಾಯಿ ಹುಣ್ಣಾಗಿ ನಡುವಯಸ್ಸಿಗೇ ತೀರಿಕೊಂಡವರ ಬೇನೆಗೆ ಅಂದು ಹೆಸರೇ ಇರಲಿಲ್ಲ.

ಅಜ್ಜಿಯ ತಾಂಬೂಲಕ್ಕೂ ಇಂದಿನ ಪೊಟ್ಟಣಕ್ಕೂ ಅಂತರವಿದೆಯೆಂಬುದೂ ನಿಜ. ಪಾನ್ ಮಸಾಲೆ, ಗುಟ್ಕಗಳಲ್ಲಿ ಹಸಿಯ ಎಲೆಯಿಲ್ಲ. ಇರುವುದರಲ್ಲಿ ಹೆಚ್ಚಿನ ಪಾಲು ಒಣಗಿದ ಅಡಿಕೆಯೇ. ಹೈದರಾಬಾದಿನ ಸಂಶೋಧಕರು ೧೯೯೬ರಲ್ಲಿ ತಿಳಿಸಿದಂತೆ, ಪಾನ್ ಮಸಾಲೆಯ ಬಗೆಯನ್ನು ಜಗಿಯುವವರಿಗೆ ಸರಾಸರಿ ಮೂರು ವರ್ಷದೊಳಗೇ ಈ ರೋಗ ತೋರಿತು. ಎಲೆಯಡಿಕೆಯವರಿಗೆ ಎಂಟು ವರ್ಷಗಳಿಗೂ ಮಿಕ್ಕಿ ಹಿಡಿಯಿತು. ಕರ್ನಾಟಕ ಸರ್ಕಾರವು ೨೦೧೩ರಲ್ಲಿ ಗುಟ್ಕವನ್ನು ನಿಷೇಧಿಸಿತು. ವ್ಯಾಪಾರಿಗಳು ಅಡಿಕೆಯನ್ನೊಂದು, ಹೊಗೆಸೊಪ್ಪನ್ನೊಂದು ಪೊಟ್ಟಣದಲ್ಲಿ ಬೇರೆ ಬೇರೆಯಾಗಿ ತೂಗುಹಾಕಿದರು. ಶಾಲೆಯ ಬಳಿಯ ಅಂಗಡಿಯಲ್ಲಿ ಅದನ್ನು ಕೊಳ್ಳುವವರ ವಯಸ್ಸೇನೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ರೋಗವು ಎಳೆಯದಾಗಿದ್ದರೆ ಅಡಿಕೆಯನ್ನು ಬಿಡಿಸಿ, ಕೆನ್ನೆಗೆ ಚುಚ್ಚುಮದ್ದು ಕೊಟ್ಟು, ಬಾಯಿಗೆ ವ್ಯಾಯಾಮ ಮಾಡಿಸಿ ತಡೆಯುತ್ತಾರೆ. ಬಲಿತ ಮೇಲೆ ಶಸ್ತ್ರಚಿಕಿತ್ಸೆಯೇ ಗತಿ. ಬಾಯಿ, ದವಡೆ, ಮುಖಗಳ ಶಸ್ತ್ರಚಿಕಿತ್ಸೆಯು ನಮ್ಮ ದೇಶದಲ್ಲಿ ದಂತವೈದ್ಯಶಾಸ್ತ್ರದ ಒಂದು ಶಾಖೆ. ದಂತವೈದ್ಯ ಪದವಿಯ ಮೇಲೆ ಮತ್ತೆ ಮೂರು ವರ್ಷ ಕಲಿತವರು ಅದನ್ನು ನಡೆಸುತ್ತಾರೆ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಲ್ಲಿಯೂ ಮಣಿಪಾಲದ ಕಾಲೇಜು ೧೯೬೫ರಲ್ಲಿಯೂ ಆರಂಭವಾದವು. ಅಜ್ಜಂಪುರ, ಕಡೂರುಗಳಿಂದ ನೇರ ರೈಲಿನ ದಾರಿಯಲ್ಲಿರುವ ದಾವಣಗೆರೆಯಲ್ಲಿ ಬಾಪೂಜಿ ದಂತವೈದ್ಯ ಕಾಲೇಜು ೧೯೭೯ರಿಂದ ಇದೆ.

ಈ ಶಸ್ತ್ರಚಿಕಿತ್ಸೆಯ ಮೊದಲ ತೊಡಕು ಅರಿವಳಿಕೆಯದೇ. ಉಸಿರಾಟದ ಕೊಳವೆಯನ್ನು ಸಾಮಾನ್ಯವಾಗಿ ಬಾಯಿಯ ಮೂಲಕ ನೋಡಿ ಇಳಿಸಬೇಕು. ಇಲ್ಲಿ ಬಾಯಿಯೇ ತೆರೆಯದು. ಆದುದರಿಂದ ಬೆಳಕನ್ನು ಸಾಗಿಸುವ, ಬಳುಕುವ ಸಣ್ಣ ದರ್ಶಕವನ್ನು ಮೂಗಿನಿಂದ ಇಳಿಸಿ, ದಾರಿಯನ್ನು ಕಣ್ಣಾರೆ ಕಂಡು, ಕೊಳವೆಯನ್ನು ಅದರ ಮೇಲೆ ಜಾರಿಸುತ್ತಾರೆ. ಅನಂತರ ವೈದ್ಯನು ಎರಡೂ ಕೆನ್ನೆಗಳ ಒಳಗೆ ಬೆರಳಿನಿಂದ ಪಟ್ಟಿಗಳನ್ನು ತಡವಿ ಒಂದೊಂದಾಗಿ ಕತ್ತರಿಸುತ್ತಾನೆ. ಬಾಯಿ ಅಷ್ಟಕ್ಕೂ ಸಡಿಲದಿದ್ದರೆ ಕೆಳದವಡೆಯ ಮೇಲ್ಚಾಚಾದ, ಕಪೋಲದ ಸ್ನಾಯು ಅಂಟಿಕೊಂಡಿರುವ ಎಲುಬಿನ ತುದಿಯನ್ನೂ ತೆಗೆಯಬೇಕಾಗುತ್ತದೆ.

ಕತ್ತರಿಸಿದ ಹಸಿ ಜಾಗವನ್ನು ಹಾಗೆಯೇ ಬಿಟ್ಟರೆ ಅದು ಮತ್ತೆ ಸುಕ್ಕಿ ಬಿಗಿಯುತ್ತದೆ. ಅದಕ್ಕೆ ಹೊದಿಕೆ ಬೇಕು. ಕೆನ್ನೆಯ ಆಳದಲ್ಲಿ ಕೊಬ್ಬಿನದೊಂದು ಮೆತ್ತನೆಯ ಗಂಟಿದೆ. ಅದನ್ನು ಮೆಲ್ಲನೆ ಎಳೆದು ಗಾಯದ ಮೇಲೆ ಹರಡಿದರೆ ಕೆಲವು ವಾರಗಳಲ್ಲಿ ಅದರ ಮೇಲೆ ಹೊಸ ಪೊರೆ ಬೆಳೆಯುತ್ತದೆ. ಇಲ್ಲವೆ ಮೂಗಿನ ಪಕ್ಕದಿಂದ ತುಟಿಯ ಕಡೆಗೆ ಇಳಿಯುವ ಗೆರೆಯ ಚರ್ಮವನ್ನು, ರಕ್ತನಾಳದ ಸಂಬಂಧ ಕಡಿಯದಂತೆ, ಬಾಯೊಳಗೆ ತಿರುಗಿಸುತ್ತಾರೆ. ಸಂಬಂಧ ಕಡಿಯದೆ ಚರ್ಮವನ್ನು ತಿರುಗಿಸುವ ಈ ಉಪಾಯ ನಮ್ಮ ದೇಶಕ್ಕೆ ಹೊಸದಲ್ಲ. ೧೭೯೨ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸ್ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯಲ್ಲಿ ದೇಶೀಯ ಕುಶಲಿಯೊಬ್ಬ ಹಣೆಯ ಚರ್ಮದಿಂದ ಮೂಗನ್ನು ಕಟ್ಟಿಕೊಟ್ಟನು. ಆ ವೃತ್ತಾಂತ ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದನ್ನು ಓದಿ ಕಾರ್ಪ್ಯೂ ಎಂಬ ಆಂಗ್ಲ ವೈದ್ಯನು ೧೮೧೪ರಲ್ಲಿ ಅಲ್ಲಿಯೇ ಅದನ್ನು ಪ್ರಯೋಗಿಸಿ ಯಶಸ್ವಿಯಾದನು.

ಶಸ್ತ್ರವೈದ್ಯನ ಕೆಲಸ ಕೆಲವು ತಾಸುಗಳದು. ರೋಗಿಯ ಕೆಲಸ ತಿಂಗಳುಗಳದು. ಗಾಯ ಇನ್ನೂ ಹಸಿಯಾಗಿರುವಾಗಲೇ, ಐಸ್‌ಕ್ರೀಂ ಕಡ್ಡಿಯಂತಹ ಚಪ್ಪಟೆ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದರ ಮೇಲೊಂದು ಸೇರಿಸಿ ಬಾಯಿಯನ್ನು ಹಿಗ್ಗಿಸಬೇಕು. ನೋವಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆದರೂ ದಿನಕ್ಕೆ ಹಲವು ಬಾರಿ, ಆರು ತಿಂಗಳಿಗೂ ಹೆಚ್ಚು ಕಾಲ ನಡೆಸಬೇಕು. ಇದನ್ನು ಬಿಟ್ಟವರ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಬಾಯಿ ತೆರೆಯಿತೆಂದು ಕ್ಯಾನ್ಸರಿನ ಭಯ ಹೋಗುವುದೂ ಇಲ್ಲ. ಆದುದರಿಂದ ರೋಗಿಯು ವರ್ಷಗಟ್ಟಲೆ ತಪಾಸಣೆಗೆ ಬರಬೇಕು. ಪ್ರತಿ ಬಾರಿಯೂ ವೈದ್ಯನು ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಇರುವ ಅಂತರವನ್ನು ಅಳೆದು ಚೀಟಿಯಲ್ಲಿ ಬರೆಯುತ್ತಾನೆ. ಬಳಿಕ ಕೆನ್ನೆ, ನಾಲಗೆಗಳನ್ನು ಪಕ್ಕಕ್ಕೆ ಸರಿಸಿ, ಬಿಳಿಯ ಅಥವಾ ಕೆಂಪು ಮಚ್ಚೆಯುಂಟೋ, ಎರಡು ವಾರ ಕಳೆದರೂ ಮಾಯದ ಹುಣ್ಣುಂಟೋ ಎಂದು ದೀಪ ಹಿಡಿದು ನೋಡುತ್ತಾನೆ.